ಬೆಲ್ಟಿಲ್ಲದ ಮಣೆ

ಸುಂದರಿಯಮ್ಮ ಮಗನಿಗೆ ಮಣೆ ಹಾಕಿದರು. ಗೌರವಕ್ಕೆ ಹೇಳುವ ಮಾತಲ್ಲ ಇದು. ಹಲಸಿನ ಮರದ, ಕಲ್ಲಿನಂಥ ಗಟ್ಟಿ ಮಣೆ. ವಿಮಾನದ ಸ್ಟೀವರ್ಡ್ ವಸಂತಕುಮಾರ ಜೀವಸಹಿತ ಕೆಳಗಿಳಿದನಲ್ಲ, ಅದಕ್ಕೆ ಮುಂಬಯಿ ಹೊರವಲಯದ ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ.

ಮೂರು ವಾರದ ಹಿಂದೆ ನಾಗಪುರದ ಮೇಲೆ ವಿಮಾನ ಏಕಾಏಕಿ ಗಾಳಿಯ ಗುಂಡಿಗೆ ಬಿದ್ದಿತ್ತು. ಪ್ರಯಾಣಿಕರೆಲ್ಲ ಬೆಲ್ಟಿನಲ್ಲಿ ಭದ್ರ. ಅವರಿಗೆ ಬೆಲ್ಟು ಕಟ್ಟಿಸುತ್ತಿದ್ದ ವಸಂತಕುಮಾರ ಮಾತ್ರ ಚಾವಣಿಗೆ ಹಣೆ ಕೊಟ್ಟು, ಸೀಟಿನ ಕೈಯ ಮೇಲೆ ಕುಂಡೆಯೂರಿ ಇಳಿದ. ಹಣೆಯ ಗಾಯ ಕಂಪನಿಗೆ ಕಂಡಿತು. ಬೆನ್ನಿನ ಬುಡದ ಎಲುಬು ಸೀಳಿದ್ದು ಕಲ್ಯಾಣದ ಎಕ್ಸ್‌ರೇಯವನಿಗೂ ಹೆಂಡತಿ ಜಯಲತಾಳಿಗೂ ಮಾತ್ರ ಗೊತ್ತು. ಕಾಯಂ ಆಗದವನ ಬೆನ್ನು ಕೆಟ್ಟರೆ ಕಂಪನಿ ಅವನನ್ನು ಮನೆಗೇ ಕಳುಹಿಸುತ್ತಿತ್ತು. ಇವನು ಕಾಯಂ ಆಗಲು ಇನ್ನು ಎರಡು ತಿಂಗಳು. ನಾಳೆ, ಸೋಮವಾರ, ಕಂಪನಿಯ ಡಾಕ್ಟರು ಮಧ್ವರಾಜ ಫಿಟ್‌ನೆಸ್ ಕಾಗದಕ್ಕೆ ಸಹಿ ಹಾಕಬೇಕು.

ಆ ಮಧ್ವರಾಜರೇ ಈಗ ಎದುರಿನ ಮಡಿಸುವ ಕುರ್ಚಿಯಲ್ಲಿದ್ದರು.

"ನಮ್ಮ ಉಡುಪಿಯವರಲ್ವಾ? ಕೆಳಗಿನ ಹೋಟೆಲಿಂದ ನಾನೇ ಫೋನ್ ಮಾಡಿ ಕರ್ದೆ," ಎಂದಿದ್ದರು ಸುಂದರಿಯಮ್ಮ, ಬಹುಮಾನ ಗೆದ್ದವರ ಹಾಗೆ.

ವಸಂತಕುಮಾರ ಕಾಲು ಮಡಚಿ ಕೂತು ಎರಡು ಗಂಟೆ. ಹಿಂದೆ ಗೋಡೆ, ಮುಂದೆ ಮಂಟಪ, ಎಡಕ್ಕೆ ಹೆಂಡತಿ, ಬಲಕ್ಕೆ ದೀಪ, ಬಾಗಿಲ ತುಂಬ ನೆರೆಯವರು. ಬೆಳಗಿನ ಲೋಕಲ್‌ನಲ್ಲಾದರೂ ಮುಂದಿನ ಸ್ಟೇಷನ್ ಬರುತ್ತದೆ. ಇಲ್ಲಿ ಭಟ್ಟರ ಕಥೆ ಎರಡನೆಯ ಅಧ್ಯಾಯವನ್ನೇ ದಾಟಿರಲಿಲ್ಲ.

"ಎಂತ ಮಾರಾಯ, ಹೀಗೆ ಬೆವರ್ತಾ ಇದ್ದಿ?" ಡಾಕ್ಟರು ಕೇಳಿದರು.

"ಹೊಗೆ ಡಾಕ್ಟ್ರೇ. ಮೇಲೆ ವಿಮಾನದಲ್ಲಿ ಎಸಿ ಅಭ್ಯಾಸ ನೋಡಿ."

ಜಯಲತಾ ಅವನ ಶಲ್ಯ ಸರಿಪಡಿಸುವ ನೆಪದಲ್ಲಿ ಪಿಸುಗುಟ್ಟಿದಳು: "ಬಲಕ್ಕೆ ವಾಲ್ಬೇಡಿ, ಅವರು ನೋಡ್ತಾ ಇದ್ದಾರೆ."

ಕೊನೆಗೆ ಆರತಿ. ಎಲ್ಲರೂ ಎದ್ದರು. "ಯಜಮಾನರು ಏಳ್ಬೇಕು," ಎಂದರು ಭಟ್ಟರು. ವಸಂತಕುಮಾರ ನೆಲಕ್ಕೆ ಕೈ ಊರಿದ. ಸೊಂಟದ ಕೆಳಗಿನದೆಲ್ಲ ಬೇರೆ ಯಾರದೋ ಆಗಿತ್ತು. ಅವನು ಮೂಗು ಹಿಡಿದು ಕ್ಯಾಪ್ಟನ್ನನ ದನಿ ತೆಗೆದ:

"ಲೇಡೀಸ್ ಆಂಡ್ ಜಂಟಲ್‌ಮೆನ್, ವಿಮಾನ ಪೂರ್ತಿ ನಿಲ್ಲುವ ತನಕ ದಯವಿಟ್ಟು ಕೂತೇ ಇರಿ."

ಮನೆಯೆಲ್ಲ ನಕ್ಕಿತು. "ಆರತಿ ಹೊತ್ತಲ್ಲೂ ಇವನ ಮಂಗಾಟ," ಎಂದು ಬೈಯುತ್ತ ಸುಂದರಿಯಮ್ಮನೂ ನಕ್ಕರು. ಜಯಲತಾ ಒಬ್ಬಳೇ ಆರತಿ ಎತ್ತಿದಳು. ನೆರೆಯವರು ಪ್ರಸಾದ ತಿಂದು ಹೋದರು, ಭಟ್ಟರೂ ಹೋದರು. ಡಾಕ್ಟರು ಹೋಗಲಿಲ್ಲ.

"ಏಳೋ, ಡಾಕ್ಟ್ರಿಗೆ ಅಲ್ಲೇ ಎಲೆ ಹಾಕ್ಬೇಕು," ಅಡುಗೆಮನೆಯಿಂದ ತಾಯಿಯ ಕೂಗು.

ಡಾಕ್ಟರು ಕೈ ಚಾಚಿದರು. ನಾಳೆ ಸಹಿ ಹಾಕುವ ಕೈ. ವಸಂತಕುಮಾರ ಅದನ್ನು ನೋಡಿದ, ಹಿಡಿಯಲಿಲ್ಲ.

"ಎಲ್ಲಿಗೆ ಪೆಟ್ಟು?"

ಈ ಸಲ ಕ್ಯಾಪ್ಟನ್ನನ ದನಿ ಬರಲಿಲ್ಲ; ಬಂದದ್ದು ತನ್ನದೇ, ಸಣ್ಣದಾಗಿ. "ಬುಡದ ಎಲುಬು."

ಡಾಕ್ಟರು ಕುರ್ಚಿ ಮಡಿಸಿ ಗೋಡೆಗಿಟ್ಟರು. "ನಾಳೆ ಬರ್ಬೇಡ. ಬಂದ್ರೆ ನಾನು ಅನ್‌ಫಿಟ್ ಅಂತ ಬರೀಬೇಕಾಗ್ತದೆ. ಜ್ವರ ಅಂತ ರಜೆ ಹಾಕು."

"ಎಷ್ಟು ದಿನ? ಕಾಯಂ ಆಗ್ಲಿಕ್ಕೆ ಎರಡೇ ತಿಂಗಳುಂಟು."

"ಎಲುಬಿಗೆ ಮೂರು ಬೇಕು ಮಾರಾಯ."

"ಎದ್ನಾ ಡಾಕ್ಟ್ರೇ?" ತಾಯಿ ಮತ್ತೆ ಕೇಳಿದರು.

"ಬೇಡಮ್ಮ, ಅವನಿಗೂ ಇಲ್ಲಿಯೇ ಎಲೆ ಹಾಕಿ," ಎಂದು ಡಾಕ್ಟರು ಜಯಲತಾಳ ಖಾಲಿ ಮಣೆಯ ಮೇಲೆ ಕೂತರು.

ವಸಂತಕುಮಾರ ಎಲೆಗೆ ನೀರು ಚಿಮುಕಿಸಿದ. ಏಳುವ ಅವಸರ ಇನ್ನಿರಲಿಲ್ಲ.