ಮಂಕರಿಯ ಕಾವಲು

ಮಾಗಿಯ ಚಳಿ, ಹಾಲು ಕರೆಯುವ ಹೊತ್ತು. ಅಕ್ಕಿಹೆಬ್ಬಾಳಿನ ಮನೆಯ ಮುಂದೆ ಚಿಕ್ಕಬೋರಮ್ಮನ ಹೆಣವನ್ನು ಟ್ರಾಕ್ಟರಿನಿಂದ ಇಳಿಸುತ್ತಿದ್ದರು. ಸೀಮೆಎಣ್ಣೆ ಸ್ಟವ್ ಸಿಡಿದು ಸುಟ್ಟುಕೊಂಡವಳು ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಮಗ ಕೃಷ್ಣ ಗುಂಡಿ ತೋಡಿಸಲು ಹೋಗಿದ್ದ. ಸೊಸೆ ಮಂಗಳಮ್ಮ ಮಾತ್ರ ಏಳಲಿಲ್ಲ. ಹದ್ದಿನ ಭಯಕ್ಕೆ ಕೋಳಿಮರಿ ಮುಚ್ಚಿಡುವ ಮಂಕರಿಯನ್ನು ತಬ್ಬಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದಳು.

“ಅತ್ತೆ ಮಕ ನೋಡಾಕೂ ಏಳ್ನಿಲ್ವಲ್ರಪ್ಪಾ!” ಎಂದ ಕೆಂಪಣ್ಣ. ಸತ್ತವಳ ತಮ್ಮ, ಹೊಣಕೆರೆಯಿಂದ ಬಂದಿದ್ದ. “ಸಿಡಿಯಾಕೆ ನಮ್ಮಕ್ಕನೇ ಬೇಕಿತ್ತಾ? ಎಲ್ಲದಮ್ಮೀ ಆ ಸ್ಟವ್ವು?”

“ನಾಳೆ ಪೊಲೀಸ್ನೋರು ಮಹಜರಿಗೆ ಬತ್ತಾರೆ ಮಾವ. ಅವರ್ಗೇ ತೋರುಸ್ತೀನಿ.”

“ನಂಗಿಲ್ವಾ?”

“ಯಾರ್ಗೂ ಇಲ್ಲ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಸ್ಟವ್ ಕಾಣೆಯಾದರೆ ಅತ್ತೆಯನ್ನು ಸುಟ್ಟವಳು ತಾನೇ ಎಂದಾಗುತ್ತದೆಂದು ಮಂಗಳಮ್ಮನಿಗೆ ಗೊತ್ತಿತ್ತು.

ಬಿಸಿಲೇರುವಾಗ ಸ್ಟವ್ ಮಾರಿದ ಪುಟ್ಟಸ್ವಾಮಿ ಕೆ.ಆರ್. ಪೇಟೆಯಿಂದ ಬಂದ. ಕೈಯಲ್ಲಿ ಸೇವಂತಿಗೆ ಹಾರ, ಸ್ಕೂಟರಿನಲ್ಲಿ ಹೊಸ ಸ್ಟವ್ವಿನ ಡಬ್ಬ. ಹೆಣಕ್ಕಿಂತ ಮೊದಲು ಅಡುಗೆಮನೆಯ ಕಡೆ ನೋಡಿದ.

“ಜೀವ ತೆಗೆದ ಸಾಮಾನು ಮನೇಲಿಟ್ಕೋಬಾರ್ದು ಕೆಂಪಣ್ಣೋರೆ. ಗುಂಡಿಗೇ ಹಾಕ್ಬುಡಿ. ಹೊಸದು ತಂದಿವ್ನಿ, ಕಾಸು ಬ್ಯಾಡ.”

ಮುದುಕಿಯರು ಹೌದೆಂದರು. ಕೆಂಪಣ್ಣ ಹಾರ ನೋಡಿದ, ಡಬ್ಬ ನೋಡಿದ. ಸಾವಿನ ಮನೆಗೆ ಸ್ಟವ್ ತಂದವರನ್ನು ಅವನು ಈವರೆಗೆ ಕಂಡಿರಲಿಲ್ಲ.

*

ಆ ಸ್ಟವ್ ದೀಪಾವಳಿಗೆ, ಡೈರಿಯ ಹಾಲಿನ ದುಡ್ಡು ಬಂದಾಗ ಕೊಂಡಿದ್ದು. ಒಲೆ ಊದಿ ಊದಿ ಚಿಕ್ಕಬೋರಮ್ಮನ ಕಣ್ಣು ಮಂಜಾಗಿತ್ತು. “ನಿನ್ ಕಣ್ಣಾದ್ರೂ ಉಳೀಲಿ” ಎನ್ನುತ್ತ ತಾನೇ ಪಂಪು ಹೊಡೆಯುತ್ತಿದ್ದಳು. ಕಾಫಿಯ ಮೊದಲ ಲೋಟ ಸೊಸೆಗೆ. ಸ್ವಲ್ಪ ದಿನಕ್ಕೇ ಟ್ಯಾಂಕಿನ ಬೆಸುಗೆಯಲ್ಲಿ ಎಣ್ಣೆ ಜಿನುಗಿತು. ಇಬ್ಬರೂ ಅಂಗಡಿಗೆ ಒಯ್ದರು. ಪುಟ್ಟಸ್ವಾಮಿ ಬೂದು ಮೇಣ ಮೆತ್ತಿ ಹೆಬ್ಬೆರಳಲ್ಲಿ ಒತ್ತಿದ.

“ಬ್ಯಾರೇದು ಕೊಡಿ,” ಎಂದಳು ಮಂಗಳಮ್ಮ.

“ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬತ್ತದೆ ಓಗಮ್ಮ.”

ಅತ್ತೆ ಸೊಸೆಯ ಸೆರಗು ಎಳೆದಳು. “ಬಾಮ್ಮಿ, ಅಂಗ್ಡಿ ಇಟ್ಕೊಂಡಿರೋರು ಸುಳ್ಳು ಯೋಳಾರಾ?”

*

ಹೆಣ ಎತ್ತುವ ಹೊತ್ತಾಯಿತು. ಪುಟ್ಟಸ್ವಾಮಿ ಹಿತ್ತಿಲಲ್ಲಿ ಇಣುಕುತ್ತಿದ್ದ. ಕೆಂಪಣ್ಣನ ಕಾಲಿಗೆ ಹೇಂಟೆಯೊಂದು ಅಡ್ಡ ಬಂತು, ಹಿಂದೆ ಮರಿಗಳು. ಅವನು ಜಗಲಿಗೆ ಬಂದು ಬಗ್ಗಿದ.

“ಅಮ್ಮೀ, ಮ್ಯಾಲೆ ಹದ್ದು ಸುತ್ತತಾ ಅದೆ, ಮರಿಗೊಳು ಬೀದೀಲವೆ. ಮಂಕ್ರಿ ಒಳಗೆ ಇನ್ನೇನ್ ಮುಚ್ಚಿದ್ದೀ?”

ಮಂಗಳಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನಿಗಷ್ಟೇ ಕಾಣುವಂತೆ ಮಂಕರಿಯ ಅಂಚೆತ್ತಿದಳು. ಬೆಸುಗೆಯುದ್ದಕ್ಕೂ ಬಾಯಿಬಿಟ್ಟ ಟ್ಯಾಂಕು. ಅಂಚಿನಲ್ಲಿ ಕಲ್ಲಿನಂತಾದ ಬೂದು ಮೇಣ, ಮೇಣದಲ್ಲಿ ಹೆಬ್ಬೆರಳಿನ ಗುರುತು.

“ಯಾರ್ದಮ್ಮಿ ಈ ಬೆಳ್ಳು?”

ಮಂಗಳಮ್ಮ ಹಿತ್ತಿಲ ಕಡೆ ನೋಡಿದಳು.

ಕೆಂಪಣ್ಣ ಮಂಕರಿ ಇಳಿಸಿ ಗಟ್ಟಿಯಾಗಿ ಕೂಗಿದ: “ಪುಟ್ಟಸ್ವಾಮ್ಗೊಳೇ, ಆ ಸ್ಟವ್ವ ತಿಪ್ಪೆಗೆ ಎಸೆದವ್ರಂತೆ! ಚೆನ್ನಾಗಿ ಕೆದಕಿ ನೋಡಿ!”

ಆಮೇಲೆ ಮೆಲ್ಲಗೆ, “ಎದ್ದೋಗು. ಮಕ ನೋಡ್ಕೋ. ನಾನಿಲ್ಲಿ ಕೂತ್ಕತೀನಿ.”

“ಅಕ್ಕನ್ಗೆ ಮಣ್ಣಾಕಕಿಲ್ವಾ ಮಾವ?”

“ನನ್ ಪಾಲಿನ ಹಿಡಿ ಮಣ್ಣೂ ನೀನೇ ಹಾಕು.”

ಚಿಕ್ಕಬೋರಮ್ಮ ಹೊರಟಳು, ಸೊಸೆ ಹಿಂದೆ ನಡೆದಳು. ಕೆಂಪಣ್ಣ ಮಂಕರಿ ತಬ್ಬಿ ಕೂತ. ಮರಿಗಳು ಒಂದೊಂದಾಗಿ ಬಂದು ಅವನ ಪಂಚೆಯ ಮಡಿಕೆಯೊಳಗೆ ನುಗ್ಗಿದವು.