ತಾಯಿಕುರಿಯ ಮೂಗು

ಮೆದುಳಿನ ವಿಜ್ಞಾನ ಓದಿದ ಸಂಶೋಧಕಿ ಆ ಕುರಿದೊಡ್ಡಿಗೆ ಬಂದು ಇಪ್ಪತ್ತು ದಿನವಾಗಿತ್ತು. ಈದ ಕುರಿ ತನ್ನ ಮರಿಯನ್ನು ಮೂಸಿ ಗುರುತು ಹಿಡಿಯುತ್ತದೆ, ಒಂದೆರಡು ತಾಸಿನಲ್ಲಿ ಆ ಗುರುತು ಗಟ್ಟಿಯಾಗುತ್ತದೆ, ಆಮೇಲೆ ಬೇರೆ ಮರಿ ಬಳಿಗೆ ಬಂದರೆ ಗುದ್ದುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ 'ಇದು ನನ್ನದು' ಎನ್ನುವುದು ಮೆದುಳಿನೊಳಗೆ ಹೇಗೆ ಮೂಡುತ್ತದೆ ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅದನ್ನು ಬಗೆಹರಿಸಲು ಅವಳಿಗೆ ಮೂರು ವರ್ಷ ಕೊಟ್ಟಿದ್ದರು. ದೊಡ್ಡಿಯ ಅಜ್ಜಿಗೆ ಆ ಬೆಳಗ್ಗೆ ಸಿಕ್ಕಿದ್ದು ಮಧ್ಯಾಹ್ನದವರೆಗಿನ ಹೊತ್ತು ಮಾತ್ರ.

ಒಂದು ಕುರಿ ಮೂರು ಮರಿ ಈದಿತ್ತು; ಹಾಲು ಎರಡಕ್ಕೇ ಸಾಲದು. ಮೂರನೆಯದು, ಹಿಡಿಯಷ್ಟಿದ್ದ ಹೆಣ್ಣುಮರಿ, ಅಜ್ಜಿಯ ಮಡಿಲಲ್ಲಿ ಕತ್ತು ಜೋಲಿಸಿಕೊಂಡಿತ್ತು; ಮಧ್ಯಾಹ್ನದೊಳಗೆ ಹಾಲು ಕುಡಿಯದಿದ್ದರೆ ಉಳಿಯುವಂತಿರಲಿಲ್ಲ. ಪಕ್ಕದಲ್ಲಿ ಕಪ್ಪು ಮೂತಿಯ ಕುರಿಯೊಂದು ಸ್ವಲ್ಪ ಹೊತ್ತಿನ ಮುಂಚೆ ಸತ್ತ ಮರಿ ಹಾಕಿ, ಕೆಚ್ಚಲು ಬಿಗಿದು ಅರಚುತ್ತಿತ್ತು. ಇಂಥ ಹೊತ್ತಿನಲ್ಲಿ ಮಾಡುವ ಕೆಲಸ ಒಂದೇ: ಸತ್ತ ಮರಿಯ ಮೈಮೇಲಿನ ಲೋಳೆಯನ್ನು ಹಸಿದ ಮರಿಗೆ ಸವರಿ ಆ ತಾಯಿಯ ಮುಂದೆ ಬಿಡುವುದು.

"ಸತ್ತಿದ್ದನ್ನ ಇಲ್ಲೇ ಹುಲ್ಲಿನ ಮೇಲೆ ಮಲಗಿಸಿದ್ನಲ್ಲ, ಎಲ್ಲಿ?" ಎಂದಳು ಅಜ್ಜಿ.

"ನಾನೇ ತಗೊಂಡೆ ಅಜ್ಜಿ, ಪರೀಕ್ಷೆಗೆ ಬೇಕಿತ್ತು," ಎಂದಳು ಸಂಶೋಧಕಿ. "ಸೋಪು ಹಾಕಿ ಮೂರು ಸಲ ತೊಳೆದು, ಸ್ಪಿರಿಟ್ಟಲ್ಲಿ ಒರೆಸಿ ಡಬ್ಬಿಗೆ ಹಾಕಿಟ್ಟಿದೀನಿ. ಒಂಚೂರೂ ವಾಸನೆ ಇಲ್ಲ."

ಅಜ್ಜಿಯ ಗಂಡ ಬೇಲಿಯಾಚೆಯಿಂದ ನಕ್ಕ. "ಮೂಗಿನ ವಿಷಯ ಓದೋಕೆ ಬಂದು ಮೂಗಿಗೇ ಕೆಲಸ ಇಲ್ಲದ ಹಾಗೆ ಮಾಡಿದೆಯಲ್ಲ ತಾಯಿ!"

"ನೀವು ಸುಮ್ನಿರಿ. ಹಲ್ಲು ಕಿರಿಯೋ ಹೊತ್ತಾ ಇದು?"

ಸಂಶೋಧಕಿ ನೆಲದ ಕಡೆ ನೋಡಿದಳು. ಲೋಳೆ ಹತ್ತಿದ್ದ ಹುಲ್ಲನ್ನಾದರೂ ತಂದು ಉಜ್ಜೋಣವೆಂದರೆ ಅದನ್ನೂ ಅವಳೇ ಗುಡಿಸಿ ಬದಲಿಸಿದ್ದಳು. ಇಪ್ಪತ್ತು ದಿನದಲ್ಲಿ ಇಷ್ಟು ಚೊಕ್ಕಟವಾಗಿ ಅವಳು ಬೇರಾವ ಕೆಲಸವನ್ನೂ ಮಾಡಿರಲಿಲ್ಲ.

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಅದನ್ನ ಹೇಗೆ ಎತ್ಕೊಂಡು ಹೋದೆ?"

"ಹೀಗೆ, ಎದೆಗೆ ಒತ್ತಿ."

"ಹಾಗಾದ್ರೆ ಬಿಚ್ಚು ಆ ಕೋಟು."

ಬಿಳಿ ಕೋಟಿನ ಎದೆ ಸತ್ತ ಮರಿಯ ಲೋಳೆಯಿಂದ ಇನ್ನೂ ಹಸಿಯಾಗಿತ್ತು. ಅಜ್ಜಿ ಅದರಿಂದ ಮರಿಯ ತಲೆ, ಬೆನ್ನು, ಬಾಲದ ಬುಡವನ್ನೆಲ್ಲ ಉಜ್ಜಿ, ಮರಿಯನ್ನು ಕೆಳಗಿಟ್ಟಳು. ಕುರಿ ಮೂಸಿತು. ಹಿಂದೆ ಸರಿಯಿತು. ಮತ್ತೆ ಮೂಸಿತು. ಆಮೇಲೆ ಅದು ಗಂಟಲಾಳದಲ್ಲಿ ಗುರುಗುಟ್ಟಿ ಮರಿಯನ್ನು ನೆಕ್ಕತೊಡಗಿತು. ಅಷ್ಟಕ್ಕೇ ಬಿಡದೆ ಅದೇ ಲೋಳೆ ಹತ್ತಿದ್ದ ಸಂಶೋಧಕಿಯ ಮೊಣಕೈಯನ್ನೂ ನೆಕ್ಕಿತು. ಅವಳು ಬಾಗಿಲ ಕಡೆ ಹೆಜ್ಜೆ ಇಟ್ಟರೆ ಅರಚಿತು.

"ಕೂತ್ಕೋ ಮಗಳೇ," ಎಂದ ಮುದುಕ. "ಅವಳಿ ಈದೆ ಅಂದ್ಕೊಂಡಿದೆ, ಪಾಪ."

ಅವಳು ಹುಲ್ಲಿನ ಮೇಲೆ ಕೂತು ಟಿಪ್ಪಣಿ ಪುಸ್ತಕ ತೆರೆದಳು. "ಅಜ್ಜಿ, ಇದು ಮೋಸ ಹೋಯ್ತಾ? ಇಲ್ಲಾ ಗೊತ್ತಿದ್ದೂ ಒಪ್ಕೊಂಡಿತಾ?"

"ನಲವತ್ತು ವರ್ಷದಿಂದ ನಾನೂ ಕೇಳ್ತಿದೀನಿ, ಒಂದು ಕುರೀನೂ ಬಾಯಿ ಬಿಟ್ಟಿಲ್ಲ. ಅಲ್ಲಾಡಬೇಡ, ಮರಿ ಮೊಲೆ ಹುಡುಕ್ತಿದೆ."

ಮರಿ ಎರಡು ಸಲ ತಪ್ಪಿ, ಮೂರನೆಯ ಸಲ ಕಚ್ಚಿಕೊಂಡಿತು. ಬಾಲ ಪಟಪಟನೆ ಅಲ್ಲಾಡಿತು. ಸಂಶೋಧಕಿ ಬರೆಯಲೆಂದು ಪೆನ್ನು ಎತ್ತಿದಳು. ಕುರಿ ಅವಳ ಕೈಯನ್ನು ನೆಕ್ಕುತ್ತಲೇ ಇದ್ದುದರಿಂದ ಒಂದಕ್ಷರವೂ ಮೂಡಲಿಲ್ಲ.