ಅಡಿಟಿಪ್ಪಣಿಗೆ ಇಳಿದ ಹೆಂಗಸು

ಏಳು ಜನರಲ್ಲಿ ಐದು ಕೈಗಳು ಮೇಲೆದ್ದವು. ಕೊನೆಗೆ ಎದ್ದದ್ದು ನನ್ನ ತಮ್ಮನ ಕೈ.

ನಾನು ಸಮಿತಿಯ ಕೋಣೆಯ ಬಾಗಿಲಲ್ಲಿ ಪ್ರೂಫ್ ಹಾಳೆಗಳನ್ನು ಹಿಡಿದು ನಿಂತಿದ್ದೆ. ಅಲ್ಲಿ ನನಗೆ ಮಾತಿಲ್ಲ. ನಾನು ಕೆಳಗಿನ ಮಹಡಿಯ ಪ್ರೆಸ್ಸಿನಲ್ಲಿ ಪುಟ ಜೋಡಿಸುವವಳು. ತಮ್ಮನೋ ಮೇಲಿನ ಮಹಡಿಯವನು, ಹಳೆಯ ಭಾಷೆಗಳನ್ನೆಲ್ಲ ಅರೆದು ಕುಡಿದವನು. ಧರ್ಮಗ್ರಂಥದ ಪರಿಷ್ಕೃತ ಮುದ್ರಣಕ್ಕೆ ಕೂತ ಸಮಿತಿಗೆ ಅವನ ಮಾತೇ ಕೊನೆ. ನಾನು ಅವನನ್ನು ಪಂಡಿತ ಎಂದೇ ರೇಗಿಸುವುದು. ಅಪ್ಪ ಅಮ್ಮ ಹೋದ ಮೇಲೆ ಇದೇ ಪ್ರೆಸ್ಸಿನ ದುಡಿಮೆಯಲ್ಲಿ ಅವನನ್ನು ಓದಿಸಿದವಳು ನಾನು. ಅಂದರೆ ಆ ಕೈಗೆ ಅನ್ನ ಹಾಕಿದವಳೂ ನಾನೇ. ಯಾರ ಹತ್ತಿರ ಹೇಳಿಕೊಳ್ಳಲಿ?

ಕೈ ಎತ್ತಿದ್ದು ಯೇಸುವಿನ ಬದುಕು ಹೇಳುವ ಸುವಾರ್ತೆಯೊಂದರ ಕತೆಯ ಬಗ್ಗೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಕಲ್ಲೆಸೆದು ಕೊಲ್ಲಲು ಎಳೆದು ತರುತ್ತಾರಲ್ಲ, ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಏನೋ ಬರೆಯುತ್ತಾನಲ್ಲ, ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎನ್ನುತ್ತಾನಲ್ಲ, ಕಲ್ಲು ಹಿಡಿದು ಬಂದವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರಲ್ಲ, ಆ ಕತೆ. ತೀರ ಹಳೆಯ ಕೈಬರಹದ ಪ್ರತಿಗಳಲ್ಲಿ ಅದು ಇಲ್ಲವಂತೆ. ಆದ್ದರಿಂದ ಪುಟದ ನಡುವಿನಿಂದ ಕಿತ್ತು ಅಡಿಟಿಪ್ಪಣಿಯಲ್ಲಿ ಸಣ್ಣಕ್ಷರದಲ್ಲಿ ಹಾಕಬೇಕು. ಹಾಕಬೇಕಾದವಳು ನಾನು.

ಮೂವತ್ತೊಂದು ವರ್ಷದ ಹಿಂದೆ, ಮದುವೆಯಿಲ್ಲದೆ ಬಸುರಾದ ನನ್ನನ್ನು ಚರ್ಚಿನ ಹಿರಿಯರು ಎಲ್ಲರ ಮುಂದೆ ನಿಲ್ಲಿಸಿದ್ದರು. ಚರ್ಚಿನಿಂದಲೇ ಹೊರಗೆ ಹಾಕುವ ಮಾತು ನಡೆದಿತ್ತು. ತಮ್ಮನಿಗೆ ಆಗ ಹನ್ನೆರಡು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮುದಿ ಪಾದ್ರಿಯವರು ವಾದಕ್ಕೇ ಇಳಿಯಲಿಲ್ಲ. ಗ್ರಂಥ ತೆರೆದು ಆ ಕತೆಯ ಹನ್ನೆರಡು ವಚನ ಓದಿದರು, ಮುಚ್ಚಿದರು, ಮೂಗು ಒರೆಸಿಕೊಂಡರು. ಹಿರಿಯರು ತಮ್ಮ ತಮ್ಮ ಕೊಡೆ ಹುಡುಕಿಕೊಂಡು ಹೊರಟರು. ನನ್ನ ಮಗಳಿಗೆ ಅದೇ ಚರ್ಚಿನಲ್ಲಿ ಹೆಸರಿಟ್ಟರು. ಅವತ್ತಿನಿಂದ ನಾನು ತಲೆಯೆತ್ತಿ ನಡೆದದ್ದು ಆ ಹನ್ನೆರಡು ವಚನಗಳ ಬಲದ ಮೇಲೆ.

ಮಧ್ಯಾಹ್ನ ತಮ್ಮ ಕೆಳಗೆ ಬಂದ.

"ಅಕ್ಕಾ, ಊಟ ಆಯ್ತಾ?"

"ಆಯ್ತು. ಕಲ್ಲು ತಂದಿದೀಯಾ?"

ಅವನು ಸ್ಟೂಲು ಎಳೆದುಕೊಂಡು ಕೂತ. "ಹಾಗನ್ಬೇಡ. ನಾನೇನು ಖುಷಿಯಿಂದ ಕೈ ಎತ್ತಿದ್ನಾ? ಇದನ್ನ ಆಮೇಲೆ ಯಾರೋ ಸೇರಿಸಿದಾರೆ. ಒಂದು ಪ್ರತೀಲಿ ಇಲ್ಲಿದೆ, ಇನ್ನೊಂದ್ರಲ್ಲಿ ಎಲ್ಲೋ ಕೊನೇಲಿದೆ, ಮತ್ತೊಂದ್ರಲ್ಲಿ ಬೇರೆ ಸುವಾರ್ತೇಲೇ ಇದೆ."

"ಆ ಹೆಂಗಸಿಗೂ ಯಾರೂ ಮನೆ ಕೊಡ್ಲಿಲ್ಲ ಅನ್ನು."

ಅವನು ನಗಲಿಲ್ಲ. ನಾನು ಬಿಡಲಿಲ್ಲ.

"ಬರೆದೋರು ಮನುಷ್ಯರು, ಉಸಿರು ದೇವರದು ಅಂತ ನೀನೇ ತಾನೆ ಪಾಠ ಮಾಡೋದು? ಆ ಯಾರೋ ಸೇರಿಸಿದ್ನಲ್ಲ, ಅವನೊಳಗಿದ್ದ ಉಸಿರು ಯಾರದೋ?"

"ಗೊತ್ತಿಲ್ಲ ಅಕ್ಕಾ."

"ನಡೆದಿದ್ದಾದ್ರೂ ನಿಜಾನಾ?"

"ನಡೆದಿರ್ಬೇಕು ಅಂತ ನಂಗನ್ಸತ್ತೆ. ಆದ್ರೆ ನಂಗನ್ಸಿದ್ದನ್ನ ಪುಟದಲ್ಲಿ ಹಾಕೋಕಾಗಲ್ಲ."

ಸುಳ್ಳು ಹೇಳಿದರೆ ಕಪಾಳಕ್ಕೆ ಬಾರಿಸುತ್ತೇನೆ ಎಂದು ಹೆದರಿಸಿ ಅವನನ್ನು ಬೆಳೆಸಿದವಳು ನಾನು. ಈಗ, ಒಂದೇ ಒಂದು ಸುಳ್ಳು ಹೇಳೋ, ನಿನ್ನ ದಮ್ಮಯ್ಯ, ಎನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಯೇಸು ಏನಾದರೂ ಬರೆದ ಎಂದು ಸುವಾರ್ತೆಗಳಲ್ಲಿ ಸಿಗುವುದು ಅದೊಂದೇ ಕಡೆ. ಏನು ಬರೆದ ಎಂದು ಯಾರೂ ಗುರುತು ಹಾಕಿಕೊಳ್ಳಲಿಲ್ಲ. ಈಗ ಬರೆದದ್ದೇ ಅನುಮಾನ ಎಂದರೆ ನಾನು ಏನು ಮಾಡಬೇಕು?

ಮಾಡಿದ್ದಿಷ್ಟೇ. ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಹನ್ನೆರಡು ವಚನಗಳನ್ನು ತೆಗೆದೆ. ಕೆಳಗಿನ ಸಾಲುಗಳು ತಾವಾಗಿಯೇ ಮೇಲೇರಿ ಜಾಗ ತುಂಬಿಕೊಂಡವು. ಅಲ್ಲಿ ಏನೋ ಇತ್ತು ಎನ್ನುವುದಕ್ಕೆ ಒಂದು ಬೆರಳಗಲದ ಖಾಲಿಯೂ ಉಳಿಯಲಿಲ್ಲ. ಪುಟದ ತಳದಲ್ಲಿ ಗೆರೆ ಎಳೆದು, ಅದರ ಕೆಳಗೆ ಅವಳನ್ನು ಕೂರಿಸಿದೆ.

ನಮ್ಮಲ್ಲಿ ಕೊನೆಯ ಪ್ರೂಫನ್ನು ಇಬ್ಬರು ನೋಡಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ಹಿಂಬಾಲಿಸುವುದು. ಪ್ರೂಫ್ ನೋಡುವಾಕೆ ರಜೆಯಲ್ಲಿದ್ದಳು. ತಮ್ಮನೇ ಹಾಳೆ ಹಿಡಿದು ಕೂತ. ನಾನು ಮೂಲವನ್ನು ಮುಚ್ಚಿಟ್ಟು ಬಾಯಿಪಾಠ ಹೇಳಿದೆ. ಕತೆಯ ಮಾತೊಂದೂ ಬದಲಾಗಿರಲಿಲ್ಲ, ಜಾಗ ಮಾತ್ರ ಬದಲಾಗಿತ್ತು.

ಎಲ್ಲರೂ ಹೋಗಿ ಅವಳೊಬ್ಬಳೇ ನಿಂತಿರುವ ಕಡೆ ಅವನ ಬೆರಳು ನಿಂತಿತು.

"ಮುಂದೆ ಹೋಗೋ, ಪಂಡಿತ."

"ಅಕ್ಷರ ಸಣ್ಣದು ಅಕ್ಕಾ. ಕಾಣ್ತಿಲ್ಲ." ಕನ್ನಡಕ ತೆಗೆದು ಒರೆಸಿದ, ಕಣ್ಣನ್ನೂ ಒರೆಸಿಕೊಂಡ. "ಅವತ್ತು ನಾನೂ ಅಲ್ಲಿದ್ದೆ."

"ಇದ್ದೆ. ನನ್ನ ಕೈ ಹಿಡ್ಕೊಂಡಿದ್ದೆ."

ಅವನ ಬೆರಳು ಮತ್ತೆ ಸಾಲಿಗೆ ಬಂತು. ಕೊನೆಯ ವಚನದವರೆಗೂ ಹೇಳಿ ಮುಗಿಸಿದೆ. ಎಲ್ಲಾದರೂ ಒಂದು ಕೊಂಬು, ಒಂದು ದೀರ್ಘ ತಪ್ಪಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ತಪ್ಪು ಸಿಕ್ಕಿದ್ದರೆ ಪುಟ ಇನ್ನೊಂದು ದಿನ ನನ್ನ ಹತ್ತಿರ ಉಳಿಯುತ್ತಿತ್ತು. ಆದರೆ ನಾನು ಕಟ್ಟಿದ ಪುಟದಲ್ಲಿ ತಪ್ಪು ಎಲ್ಲಿಂದ ಬರಬೇಕು?

ಅವನು ಅಂಚಿನಲ್ಲಿ 'ತಿದ್ದುಪಡಿ ಇಲ್ಲ' ಎಂದು ಬರೆದು ಸಹಿ ಹಾಕಿದ. ಓದಿದ ಇಬ್ಬರೂ ಹಾಕಬೇಕು ಎನ್ನುವುದು ನಿಯಮ. ಪೆನ್ನನ್ನು ನನ್ನ ಕಡೆ ಚಾಚಿದ. ನಾನೂ ಹಾಕಿದೆ.